ಪಾಟಿಚೀಲ ಭಾರವಾದ ಕಥೆ

ಉತ್ತರ ಕರ್ನಾಟಕದ ಕಡೆ ಶಾಲೆಯ ಬ್ಯಾಗಿಗೆ ಈಗಲೂ ಪಾಟಿಚೀಲ ಅನ್ನುತ್ತಾರೆ. ಪಾಟಿ ಅಂದರೆ ಸ್ಲೇಟು. ಚೀಲದೊಳಗಿನ ಪಾಟಿ ಹೋಗಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ. ಆ ಹೆಸರು ಹಿಡಿದು ಹಿಂದಕ್ಕೆ ಹೋದರೆ, ಮಕ್ಕಳ ಬೆನ್ನ ಮೇಲೆ ಇಷ್ಟು ಭಾರ ಯಾವಾಗ ಬಂತು, ಯಾರು ಯಾರು ಸೇರಿ ಹೇರಿದರು ಅನ್ನುವುದು ಒಂದೊಂದಾಗಿ ಕಾಣುತ್ತದೆ.

ಇವತ್ತಿನ ಲೆಕ್ಕ ಮೊದಲು ಹೇಳಿಬಿಡುತ್ತೇವೆ, ಬಹಳ ಜನರಿಗೆ ಅದೇ ಬೇಕಾಗಿರುತ್ತದೆ. ರಾಜ್ಯ ಸರ್ಕಾರ 2019ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ 1 ಮತ್ತು 2ನೇ ತರಗತಿ ಮಕ್ಕಳ ಬ್ಯಾಗು 1.5ರಿಂದ 2 ಕಿಲೋ ಇರಬೇಕು. 3ರಿಂದ 5ನೇ ತರಗತಿಗೆ 2ರಿಂದ 3 ಕಿಲೋ. 6ರಿಂದ 8ಕ್ಕೆ 3ರಿಂದ 4 ಕಿಲೋ. 9 ಮತ್ತು 10ಕ್ಕೆ 4ರಿಂದ 5 ಕಿಲೋ. ಮಗುವಿನ ಮೈತೂಕದ ನೂರಕ್ಕೆ ಹತ್ತು ಭಾಗಕ್ಕಿಂತ ಬ್ಯಾಗು ಭಾರ ಇರಬಾರದು ಅನ್ನುವುದು ಇದರ ಹಿಂದಿರುವ ಸೂತ್ರ. ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲ ಶಾಲೆಗೂ ಇದು ಅನ್ವಯ. ಇದೇ ಆದೇಶವನ್ನು 2023ರ ಜೂನ್‌ನಲ್ಲಿ ಶಿಕ್ಷಣ ಇಲಾಖೆ ಮತ್ತೊಮ್ಮೆ ಹೊರಡಿಸಬೇಕಾಯಿತು. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಯಾಕೆ ಹೇಳಬೇಕಾಗುತ್ತದೆ ಅನ್ನುವುದು ನಿಮಗೂ ಗೊತ್ತು.

ಈಗ ಇನ್ನೂರು ವರ್ಷ ಹಿಂದಕ್ಕೆ ಹೋಗೋಣ. 1822ರಲ್ಲಿ ಮದ್ರಾಸ್ ಪ್ರಾಂತ್ಯದ ಗವರ್ನರ್ ಥಾಮಸ್ ಮನ್ರೊ, ಊರುಗಳಲ್ಲಿ ಜನರೇ ನಡೆಸುವ ಶಾಲೆಗಳು ಎಷ್ಟಿವೆ, ಅಲ್ಲಿ ಏನು ಕಲಿಸುತ್ತಾರೆ ಅಂತ ತನ್ನ ಎಲ್ಲ ಜಿಲ್ಲೆಯ ಕಲೆಕ್ಟರುಗಳಿಂದ ವರದಿ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರ ಅವುಗಳಲ್ಲೆಲ್ಲ ಹೆಚ್ಚು ವಿವರವಾದದ್ದು. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು, ಅನಂತಪುರದ ಸೀಮೆಯೂ ಅದರೊಳಗೇ ಇತ್ತು. ಇಡೀ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು, 23ರಲ್ಲಿ ಮರಾಠಿ. ಇಂಗ್ಲಿಷ್ ಶಾಲೆ ಒಂದೇ ಒಂದು.

ಆ ಮಕ್ಕಳು ಶಾಲೆಗೆ ಏನು ಹೊತ್ತುಕೊಂಡು ಹೋಗುತ್ತಿದ್ದರು? ಮೊದಮೊದಲು ಏನೂ ಇಲ್ಲ. ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಕೈ ಕುದುರಿದ ಮೇಲೆ ಹಲಗೆ, ಕಡತ. ಹಲಗೆ ಅಂದರೆ ಸುಮಾರು ಮೂರು ಅಡಿ ಉದ್ದ, ಒಂದು ಅಡಿ ಅಗಲದ ಮರದ ಪಟ್ಟಿ. ಅದನ್ನು ನುಣ್ಣಗೆ ಹೊಡೆದು, ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಬರೆಯಲು ತಯಾರು. ಕಡತ ಇನ್ನೂ ಚೆಂದದ ವಸ್ತು. ಬಟ್ಟೆಗೆ ಗಂಜಿ ಹಾಕಿ ಗಡಸು ಮಾಡಿ, ಪುಸ್ತಕದ ಹಾಗೆ ಮಡಿಚಿ, ಮೇಲೆ ಇದ್ದಿಲು ಮತ್ತು ಗೋಂದು ಸೇರಿಸಿ ಬಳಿಯುವುದು. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಸದು. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಬರೆಯುವುದೂ ಇತ್ತು. ಇಷ್ಟು ಕಡಿಮೆ ಖರ್ಚಿನಲ್ಲಿ ಬರಹ ಕಲಿಸುವುದನ್ನು, ಮುಂದಿನ ಮಕ್ಕಳಿಂದ ಹಿಂದಿನ ಮಕ್ಕಳಿಗೆ ಪಾಠ ಹೇಳಿಸುವುದನ್ನು ಕ್ಯಾಂಬೆಲ್ ಮೆಚ್ಚಿಕೊಂಡೇ ಬರೆದಿದ್ದಾನೆ.

(ಬಳಪದ ಕಲ್ಲು ಅಂದರೆ ಬೇಲೂರು, ಹಳೇಬೀಡಿನ ಗುಡಿ ಕಟ್ಟಿದ ಅದೇ ಮೆತ್ತನೆ ಕಲ್ಲು. ಅದರ ಚೂರೇ ಮಕ್ಕಳ ಕೈಯಲ್ಲೂ ಇತ್ತು.)

ಹಳೆಯ ಕಾಲವೇ ಚೆನ್ನಾಗಿತ್ತು ಅಂತ ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ಆ 6,641ರಲ್ಲಿ ಹುಡುಗಿಯರು 60 ಜನ ಮಾತ್ರ. ಇಡೀ ಜಿಲ್ಲೆಯ ಜನಸಂಖ್ಯೆ ತೆಗೆದುಕೊಂಡರೆ ಶಾಲೆಯಲ್ಲಿದ್ದವರು ಸಾವಿರಕ್ಕೆ ಸುಮಾರು ಏಳು ಜನ ಮಾತ್ರ. ಇದನ್ನು ಓದುತ್ತಿರುವ ನಮ್ಮಲ್ಲಿ ಬಹುಪಾಲು ಜನರ ಮುತ್ತಜ್ಜ ಮುತ್ತಜ್ಜಿಯರು ಆ ಶಾಲೆಗಳ ಹೊಸ್ತಿಲು ತುಳಿದಿರಲಾರರು. ಒಳಗೆ ಹೋದವರಿಗೂ ಸುಖ ಇರಲಿಲ್ಲ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಕೈಗೆ ಒಂದು ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುವುದು. ಸೋಮಾರಿ ಅನ್ನಿಸಿದವನ ಎರಡೂ ಕೈ ಕಟ್ಟಿ ಸೂರಿನಿಂದ ನೇತುಹಾಕುವ ಶಿಕ್ಷೆಯೂ ವರದಿಯಲ್ಲಿದೆ. ಬೆನ್ನಿಗೆ ಚೀಲ ಇರಲಿಲ್ಲ, ಬೆತ್ತ ಇತ್ತು. ನಮಗೆ ಬೇಕಾದದ್ದು ಅದರಲ್ಲಿ ಒಂದೇ ಸಂಗತಿ. ಬರೆದು ಒರೆಸುವ ಸಾಮಾನಿನಿಂದ ಓದು ಬರಹ ಲೆಕ್ಕ ಕಲಿಸಬಹುದು ಅಂತ ಈ ನಾಡಿಗೆ ಗೊತ್ತಿತ್ತು.

ಮುಂದೆ ಸರ್ಕಾರಿ ಶಾಲೆ ಬಂತು, ಅಚ್ಚಿನ ಪುಸ್ತಕ ಬಂತು. ಮೈಸೂರು ಸೀಮೆಯಲ್ಲಿ 1868ರಲ್ಲಿ ಬಿ.ಎಲ್. ರೈಸ್ ಯೋಜನೆಯಂತೆ ಹೋಬಳಿ ಶಾಲೆಗಳು ಶುರುವಾದವು. ನಾಡಿನ ಶಾಸನಗಳನ್ನೆಲ್ಲ ಸಂಗ್ರಹಿಸಿದರಲ್ಲ, ಅದೇ ರೈಸ್ ಸಾಹೇಬರು. ಹಲಗೆಯ ಜಾಗಕ್ಕೆ ಕಲ್ಲಿನ ಸ್ಲೇಟು ಬಂತು, ಮರದ ಚೌಕಟ್ಟಿನದ್ದು. ಅಲ್ಲಿಂದ ಮುಂದೆ ನೂರು ವರ್ಷ ಹಳ್ಳಿಯ ಮಗುವಿನ ಚೀಲದಲ್ಲಿ ಇದ್ದದ್ದು ಒಂದು ಪಾಟಿ, ಒಂದೆರಡು ಬಳಪದ ತುಂಡು, ಅಣ್ಣನೋ ಅಕ್ಕನೋ ಓದಿ ಬಿಟ್ಟ ಪುಸ್ತಕ, ಒಂದು ಮಗ್ಗಿ ಪುಸ್ತಕ. ಚೀಲ ಅಂದರೆ ಹಳೇ ಬಟ್ಟೆಯಲ್ಲೋ ಗೊಬ್ಬರದ ಚೀಲದಲ್ಲೋ ಮನೆಯಲ್ಲೇ ಹೊಲಿದದ್ದು. ಮಳೆಗಾಲದಲ್ಲಿ ಅದೇ ತಲೆಗೂ ಆಗುತ್ತಿತ್ತು. ನಮ್ಮ ಅಪ್ಪಂದಿರ ಕಾಲದವರನ್ನು ಕೇಳಿ, ಪಾಟಿ ಒಡೆದು ಹೊಡೆತ ತಿಂದದ್ದು, ಎಂಜಲು ಹಚ್ಚಿ ಒರೆಸಿ ಬೈಸಿಕೊಂಡದ್ದು ಹೇಳುತ್ತಾರೆ. ಚೀಲ ಭಾರ ಅಂತ ಯಾರೂ ಹೇಳುವುದಿಲ್ಲ.

ಸ್ಲೇಟಿಗೂ ನೋಟ್‌ಬುಕ್ಕಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸ್ಲೇಟಿನ ಮೇಲೆ ಕನ್ನಡ ಬರೆದು ಒರೆಸಿ ಅಲ್ಲೇ ಲೆಕ್ಕ ಮಾಡಬಹುದು. ನೋಟ್‌ಬುಕ್ಕಿನಲ್ಲಿ ಬರೆದದ್ದು ಉಳಿಯುತ್ತದೆ. ಉಳಿಯುವುದರಿಂದ ಅದನ್ನು ತೋರಿಸಬಹುದು, ತಿದ್ದಬಹುದು, ಸಹಿ ಹಾಕಬಹುದು. ಮೇಷ್ಟ್ರು ಪಾಠ ಮಾಡಿದ್ದಾರೆ ಅನ್ನುವುದಕ್ಕೆ ಅದೇ ದಾಖಲೆ, ಶಾಲೆ ತೆಗೆದುಕೊಂಡ ಫೀಸಿಗೂ ಅದೇ ದಾಖಲೆ. ಹಾಗಾಗಿ ವಿಷಯಕ್ಕೊಂದು ನೋಟ್‌ಬುಕ್ ಆಯಿತು, ಆಮೇಲೆ ಅದೇ ವಿಷಯಕ್ಕೆ ಕ್ಲಾಸ್‌ವರ್ಕ್ ಒಂದು, ಹೋಮ್‌ವರ್ಕ್ ಒಂದು, ಟೆಸ್ಟಿಗೆ ಒಂದು, ಕಾಪಿರೈಟಿಂಗ್ ಒಂದು. ಚೀಲ ಭಾರವಾದದ್ದು ಓದು ಹೆಚ್ಚಾಗಿ ಅಲ್ಲ, ದಾಖಲೆ ಹೆಚ್ಚಾಗಿ ಅನ್ನುವುದು ನಮ್ಮ ಅನಿಸಿಕೆ.

ಪೇಟೆಗಳಲ್ಲಿ ಈ ಭಾರ ಮೊದಲು ಕಂಡಿತು. ದೊಡ್ಡ ಜಾಗದಲ್ಲಿ ಅದನ್ನು ಗಟ್ಟಿಯಾಗಿ ಹೇಳಿದವರು ನಮ್ಮ ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್. ಮಾಲ್ಗುಡಿ ಕತೆಗಳನ್ನು ಬರೆದವರು, ಶಂಕರ್‌ನಾಗ್ ಆಗುಂಬೆಯಲ್ಲಿ ಧಾರಾವಾಹಿ ತೆಗೆದರಲ್ಲ, ಆ ಕತೆಗಳು. 1986ರಲ್ಲಿ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. 1989ರಲ್ಲಿ ಅವರು ಅಲ್ಲಿ ಮಾಡಿದ ಮೊದಲ ಭಾಷಣದ ವಿಷಯ ಸಾಹಿತ್ಯವೂ ಅಲ್ಲ, ಕಾವೇರಿಯೂ ಅಲ್ಲ, ಮಕ್ಕಳ ಶಾಲಾ ಚೀಲ. ನಿದ್ದೆಗಣ್ಣಿನ ಮಗುವನ್ನು ಎಳೆದು ಎಬ್ಬಿಸಿ ತಯಾರು ಮಾಡುವುದರಿಂದ ಹಿಡಿದು ರಾತ್ರಿಯ ಹೋಮ್‌ವರ್ಕ್‌ವರೆಗೆ ವಿವರಿಸಿದರು. ಈ ಹೊರೆಯಿಂದ ಮಕ್ಕಳು ಚಿಂಪಾಂಜಿಗಳ ಹಾಗೆ ಬಗ್ಗಿ, ಕೈ ಮುಂದಕ್ಕೆ ಇಳಿಬಿಟ್ಟು ನಡೆಯುತ್ತಿದ್ದಾರೆ ಎಂದರು. ಶಾಲಾ ಚೀಲವನ್ನೇ ರದ್ದು ಮಾಡಿ, ಬೇಕಾದರೆ ಸುಗ್ರೀವಾಜ್ಞೆ ತನ್ನಿ ಅಂತ ಕೇಳಿಕೊಂಡರು. ಆಗ ಅವರ ವಯಸ್ಸು ಎಂಬತ್ತರ ಮೇಲೆ.

ಸುಗ್ರೀವಾಜ್ಞೆ ಬರಲಿಲ್ಲ, ಸಮಿತಿ ಬಂತು. 1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಪ್ರೊ. ಯಶ್‌ಪಾಲ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1993ರ ಜುಲೈನಲ್ಲಿ ಅವರು ಕೊಟ್ಟ ವರದಿಯ ಹೆಸರು ‘ಲರ್ನಿಂಗ್ ವಿಥೌಟ್ ಬರ್ಡನ್’, ಹೊರೆಯಿಲ್ಲದ ಕಲಿಕೆ. ಮೂವತ್ತು ವರ್ಷ ದಾಟಿದರೂ ಇದಕ್ಕಿಂತ ನೇರವಾದ ಮಾತು ಈ ವಿಷಯದಲ್ಲಿ ಬಂದಿಲ್ಲ. ಚೀಲದ ತೂಕ ಒಂದು ಹೊರೆ ನಿಜ, ಆದರೆ ಅರ್ಥವಾಗದೆ ಕಲಿಯುವುದು ಅದಕ್ಕಿಂತ ಕೆಟ್ಟ ಹೊರೆ ಅಂದರು. ಪಠ್ಯಪುಸ್ತಕ ಶಾಲೆಯ ಆಸ್ತಿಯಾಗಿರಲಿ, ಮಗು ಅದನ್ನು ಕೊಂಡು ದಿನಾ ಹೊರುವುದು ಬೇಡ ಅಂದರು. ಯಾವ ದಿನ ಯಾವ ಪುಸ್ತಕ ಬೇಕು ಅಂತ ಶಾಲೆ ಮೊದಲೇ ವೇಳಾಪಟ್ಟಿ ಕೊಡಲಿ ಅಂದರು.

ಆ ವರದಿಯಲ್ಲಿ ಇನ್ನೊಂದು ಸಣ್ಣ ಲೆಕ್ಕ ಇದೆ, ಹಳ್ಳಿಯವರಾದ ನಾವು ಅದನ್ನು ಎರಡು ಸಲ ಓದಬೇಕು. ದೆಹಲಿಯ ಸಮೀಕ್ಷೆಯೊಂದರಲ್ಲಿ, ಪ್ರಾಥಮಿಕ ತರಗತಿಯ ಮಕ್ಕಳ ಚೀಲ ಖಾಸಗಿ ಪಬ್ಲಿಕ್ ಶಾಲೆಗಳಲ್ಲಿ ಸರಾಸರಿ 4 ಕಿಲೋಗಿಂತ ಹೆಚ್ಚು, ನಗರಪಾಲಿಕೆಯ ಶಾಲೆಗಳಲ್ಲಿ ಸುಮಾರು 1 ಕಿಲೋ. ಫೀಸು ಕೊಟ್ಟು ಓದುವ ಮಗುವಿನ ಬೆನ್ನ ಮೇಲೆ ನಾಲ್ಕು ಪಟ್ಟು. ಅವತ್ತು ದೆಹಲಿಯಲ್ಲಿ ಇದ್ದದ್ದೇ ಇವತ್ತು ತಾಲ್ಲೂಕಿನ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನಿನ ಜೊತೆ ನಮ್ಮೂರಿನ ಅಗಸೆಬಾಗಿಲಿಗೆ ಬಂದು ನಿಂತಿದೆ. ವ್ಯಾನಿನ ಮೇಲೆ ಕ್ಯಾರಿಯರ್ ತುಂಬ ಬ್ಯಾಗು ಕಟ್ಟಿಕೊಂಡು ಹೋಗುವುದನ್ನು ನೋಡಿ ಹೆಮ್ಮೆಪಡುವವರೂ ಇದ್ದಾರೆ. ‘ಸರ್ಕಾರಿ ಶಾಲೆ ಹುಡುಗನ ಬ್ಯಾಗು ನೋಡು, ಒಳಗೆ ಏನೂ ಇಲ್ಲ’ ಅನ್ನುವ ಮಾತು ನಾವು ಕಟ್ಟೆಗಳ ಮೇಲೆ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಸರ್ಕಾರಿ ಶಾಲೆ ಬಿಡಿಸುವುದಕ್ಕೆ ಅದೂ ಒಂದು ಕಾರಣ ಆಗಿಬಿಟ್ಟಿದೆ.

ಒಳಗೆ ಏನೂ ಇಲ್ಲದ್ದಕ್ಕೆ ಕಾರಣವೂ ಒಂದು ಇತಿಹಾಸವೇ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಯಿತು, ಮುಂದಿನ ವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಬಿಸಿಯೂಟ ಬಂದ ದಿನ ಚೀಲದಿಂದ ಬುತ್ತಿ ಇಳಿಯಿತು. 2006–07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಟ್ಟಾಗ, ಮೂರ್ನಾಲ್ಕು ಕಿಲೋಮೀಟರ್ ನಡೆಯುವ ಹುಡುಗಿಯರ ಹೆಗಲಿನಿಂದ ಚೀಲ ಕ್ಯಾರಿಯರಿಗೆ ಹೋಯಿತು. ಪಠ್ಯಪುಸ್ತಕವನ್ನು ಭಾಗ 1, ಭಾಗ 2 ಅಂತ ಒಡೆದು ಅಚ್ಚು ಹಾಕಿದಾಗ ಒಂದು ಪುಸ್ತಕದ ತೂಕ ಅರ್ಧಕ್ಕೆ ಬಂತು. ಈ ಯಾವುದನ್ನೂ ಬ್ಯಾಗಿನ ಯೋಜನೆ ಅಂತ ನಾವು ನೋಡಲೇ ಇಲ್ಲ. ಆದರೆ ಬ್ಯಾಗಿನ ಹೆಸರಿನಲ್ಲಿ ಬಂದ ಎಷ್ಟೋ ಆದೇಶಗಳಿಗಿಂತ ಹೆಚ್ಚು ಭಾರ ಇಳಿಸಿದ್ದು ಇವೇ.

ಆದೇಶಗಳ ಸಾಲನ್ನು ಬೇಗ ಹೇಳಿ ಮುಗಿಸುತ್ತೇವೆ. 2006ರಲ್ಲಿ ರಾಜ್ಯಸಭೆಯಲ್ಲಿ ಒಂದು ಖಾಸಗಿ ಮಸೂದೆ ಮಂಡನೆಯಾಯಿತು. ಚೀಲ ಮೈತೂಕದ ಶೇ. 10 ದಾಟಬಾರದು, ಎಲ್‌ಕೆಜಿ ಯುಕೆಜಿ ಮಕ್ಕಳಿಗೆ ಚೀಲವೇ ಬೇಡ ಅಂತ ಅದರಲ್ಲಿತ್ತು. ಅದು ಕಾನೂನಾಗಲಿಲ್ಲ. 2018ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಕಿರುಬಾಕರನ್, ಮಕ್ಕಳು ಭಾರ ಎತ್ತುವ ಪೈಲ್ವಾನರಲ್ಲ ಎಂಬ ಅರ್ಥದ ಮಾತು ಹೇಳಿ, 1 ಮತ್ತು 2ನೇ ತರಗತಿಗೆ ಹೋಮ್‌ವರ್ಕ್ ಕೊಡಬಾರದು ಅಂತ ತೀರ್ಪು ಕೊಟ್ಟರು. ಅದೇ ವರ್ಷ ಕೇಂದ್ರ ಸರ್ಕಾರ ತರಗತಿವಾರು ತೂಕ ಹೇಳಿ ರಾಜ್ಯಗಳಿಗೆ ಬರೆಯಿತು. ನಮ್ಮ ರಾಜ್ಯದ 2019ರ ಸುತ್ತೋಲೆ ಅದಾದ ಮೇಲಿನದು. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ ಅನ್ನುವುದೂ ಅದರಲ್ಲೇ ಇದೆ, ಈಗ ಅದಕ್ಕೆ ಸಂಭ್ರಮ ಶನಿವಾರ ಅಂತ ಹೆಸರು. 2020ರ ಕೊನೆಗೆ ರಾಷ್ಟ್ರೀಯ ಶಾಲಾ ಚೀಲ ನೀತಿ ಬಂತು. ಶಾಲೆಯಲ್ಲಿ ತೂಕದ ಯಂತ್ರ ಇರಲಿ, ಪಠ್ಯಪುಸ್ತಕದ ಮೇಲೆ ಅದರ ತೂಕ ಅಚ್ಚು ಹಾಕಲಿ, 1 ಮತ್ತು 2ನೇ ತರಗತಿಗೆ ಒಂದೇ ನೋಟ್‌ಬುಕ್ ಸಾಕು, ಶಾಲೆಯಲ್ಲೇ ಒಳ್ಳೆಯ ಊಟ ಮತ್ತು ನೀರು ಇದ್ದರೆ ಮಗು ಮನೆಯಿಂದ ಹೊರುವುದು ತಪ್ಪುತ್ತದೆ ಅಂತೆಲ್ಲ ಅದು ಹೇಳುತ್ತದೆ.

ನೀರಿನ ಮಾತು ನಮಗೆ ಮುಖ್ಯ ಅನ್ನಿಸುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಬಾಟಲಿಯ ತೂಕ ಬೇರೆ. ಎರಡು ಕಿಲೋ ಮಿತಿಯ ಒಂದನೇ ತರಗತಿ ಮಗುವಿಗೆ ಅರ್ಧ ಮಿತಿ ನೀರಿನಲ್ಲೇ ಮುಗಿಯಿತು. ಶಾಲೆಯ ನಲ್ಲಿ ನೀರಿನ ಮೇಲೆ ನಂಬಿಕೆ ಇದ್ದಿದ್ದರೆ ಯಾವ ತಾಯಿ ಬಾಟಲಿ ತುಂಬಿಸುತ್ತಿದ್ದಳು? ಫ್ಲೋರೈಡ್ ನೀರಿನ ಊರುಗಳಲ್ಲಂತೂ ಅವಳನ್ನು ತಪ್ಪು ಅನ್ನುವ ಹಾಗೇ ಇಲ್ಲ. ಇಂಥ ಕಡೆ ಬ್ಯಾಗ್ ಹಗುರ ಮಾಡುವ ಕೆಲಸ ಶಿಕ್ಷಣ ಇಲಾಖೆಗಿಂತ ಮೊದಲು ಗ್ರಾಮ ಪಂಚಾಯಿತಿಯದು. ಶುದ್ಧ ನೀರಿನ ಘಟಕದಿಂದ ಶಾಲೆಗೆ ದಿನಾ ನಾಲ್ಕು ಕ್ಯಾನ್ ಹೋದರೆ, ಅಷ್ಟೂ ಮಕ್ಕಳ ಬೆನ್ನಿನಿಂದ ಅಷ್ಟಷ್ಟು ಇಳಿಯುತ್ತದೆ.

ನೋಟ್‌ಬುಕ್ಕಿನ ಲೆಕ್ಕವನ್ನೂ ಮಾಡಿ ನೋಡಿ. 200 ಪುಟದ ಉದ್ದನೆ ನೋಟ್‌ಬುಕ್ ಒಂದು ಹೆಚ್ಚು ಕಡಿಮೆ ಕಾಲು ಕಿಲೋ ತೂಗುತ್ತದೆ. ದಿನಕ್ಕೆ ಎಂಟು ತಂದರೆ ಎರಡು ಕಿಲೋ ಅಲ್ಲಿಗೇ ಆಯಿತು. ಪಠ್ಯಪುಸ್ತಕ, ಗೈಡು, ಡೈರಿ, ಡ್ರಾಯಿಂಗ್ ಪುಸ್ತಕ, ಕಂಪಾಸ್, ಊಟದ ಡಬ್ಬಿ ಇನ್ನೂ ಬಾಕಿ. ಕಾರ್ಟೂನ್ ಚಿತ್ರದ ದಪ್ಪ ಬ್ಯಾಗು ಖಾಲಿ ಇದ್ದಾಗಲೇ ಮುಕ್ಕಾಲು ಕಿಲೋ ತೂಗುವುದುಂಟು. ಸಂತೆಯಲ್ಲಿ ಬ್ಯಾಗ್ ಕೊಳ್ಳುವಾಗ ನಾವು ಜಿಪ್ಪು ಎಳೆದು ನೋಡುತ್ತೇವೆ, ಒಂದು ಬೆರಳಿನಲ್ಲಿ ಎತ್ತಿ ನೋಡುವುದಿಲ್ಲ.

ಇನ್ನು ಮೈಯ ವಿಷಯ. ಭಾರದ ಬ್ಯಾಗಿನಿಂದ ಬೆನ್ನುಮೂಳೆ ಶಾಶ್ವತವಾಗಿ ಸೊಟ್ಟಗಾಗುತ್ತದೆ ಅಂತ ವಾಟ್ಸಾಪಿನಲ್ಲಿ ಹೆದರಿಸುವ ಚಿತ್ರಗಳು ಓಡಾಡುತ್ತವೆ. ಅದಕ್ಕೆ ಗಟ್ಟಿ ಸಾಕ್ಷ್ಯ ಇಲ್ಲ, ಹಾಗೆ ಹೆದರಿಸುವುದು ಬೇಕಾಗಿಯೂ ಇಲ್ಲ. ಹೊತ್ತಾಗ ಮಗು ಮುಂದಕ್ಕೆ ಬಾಗುತ್ತದೆ, ಕತ್ತು ಚಾಚುತ್ತದೆ, ಹೆಗಲು ಮತ್ತು ಬೆನ್ನು ನೋಯುತ್ತವೆ, ದಣಿದು ತರಗತಿಯಲ್ಲಿ ಕೂರುತ್ತದೆ. ಇಷ್ಟೇ ಸಾಕಲ್ಲವೇ? ಎರಡೂ ಪಟ್ಟಿಯನ್ನು ಎರಡೂ ಹೆಗಲಿಗೆ ಹಾಕಬೇಕು, ಒಂದೇ ಹೆಗಲಿಗೆ ನೇತುಹಾಕಿದರೆ ಮೈ ಒಂದು ಕಡೆ ವಾಲುತ್ತದೆ. ಭಾರದ ಪುಸ್ತಕ ಬೆನ್ನಿಗೆ ಒತ್ತಿ ಇರುವ ಖಾನೆಯಲ್ಲಿ ಹೋಗಬೇಕು. ಪಟ್ಟಿ ಸಡಿಲ ಬಿಟ್ಟು ಬ್ಯಾಗು ಸೊಂಟದ ಕೆಳಗೆ ಜೋತರೆ ಅದೇ ಭಾರ ಎರಡರಷ್ಟು ಎಳೆದಂತೆ ಆಗುತ್ತದೆ. ಸೌದೆ ಹೊರೆ, ಹುಲ್ಲು ಹೊರೆ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರೆ ಮೈಗೆ ಹತ್ತಿರ ಇದ್ದಷ್ಟೂ ಹಗುರ.

ಸುತ್ತೋಲೆಯ ಪಟ್ಟಿಯಲ್ಲಿ ಒಂದು ಅಂಶ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದನೇ ತರಗತಿಗೆ 2 ಕಿಲೋವರೆಗೆ ಅಂದರೆ ಮಗು 20 ಕಿಲೋ ಇರಬೇಕು. ನಮ್ಮ ಊರುಗಳಲ್ಲಿ ಆರು ವರ್ಷದ ಎಷ್ಟೋ ಮಕ್ಕಳು 15, 16 ಕಿಲೋ ಇರುತ್ತವೆ. ಅವರಿಗೆ ಶೇ. 10 ಅಂದರೆ ಒಂದೂವರೆ ಕಿಲೋ ಮಾತ್ರ. ಸರಿಯಾಗಿ ಉಂಡು ಬೆಳೆದ ಮಗುವಿಗೂ ಸೊರಗಿದ ಮಗುವಿಗೂ ಶಾಲೆಯವರು ಕೊಡುವ ಪುಸ್ತಕದ ಪಟ್ಟಿ ಒಂದೇ. ಹಾಗಾಗಿ ತರಗತಿಯ ಅಂಕಿಗಿಂತ ನಿಮ್ಮ ಮಗುವಿನ ಮೈತೂಕವೇ ಸರಿಯಾದ ಅಳತೆ.

ಅಳೆಯುವುದು ಕಷ್ಟವಲ್ಲ. ಮೈತೂಕಕ್ಕೆ ಅಂಗನವಾಡಿಯಲ್ಲಿ ತಕ್ಕಡಿ ಇದೆ. ಬ್ಯಾಗಿಗೆ ಕಿರಾಣಿ ಅಂಗಡಿಯದೋ ನ್ಯಾಯಬೆಲೆ ಅಂಗಡಿಯದೋ ಸಾಕು. ವಾರದ ದಿನ ಬೆಳಿಗ್ಗೆ, ನೀರು ಡಬ್ಬಿ ಎಲ್ಲ ತುಂಬಿಸಿದ ಮೇಲೆ ತೂಗಿ. ಆಮೇಲೆ ಒಂದೊಂದೇ ಹೊರಗೆ ತೆಗೆದು, ಇದು ಇವತ್ತಿನ ವೇಳಾಪಟ್ಟಿಯಲ್ಲಿ ಇದೆಯೇ ಅಂತ ಮಗುವನ್ನೇ ಕೇಳಿ. ‘ಮಿಸ್ ಬೈತಾರೆ’ ಅಂತ ಎಲ್ಲವನ್ನೂ ದಿನಾ ಹೊರುವ ಮಕ್ಕಳೇ ಜಾಸ್ತಿ. 200 ಪುಟದ ಬದಲು 100 ಪುಟದ ನೋಟ್‌ಬುಕ್ ಕೊಡಿಸಿದರೆ ಆ ಲೆಕ್ಕದ ಭಾರ ಅರ್ಧ ಆಗುತ್ತದೆ. ಆದರೆ ಇದೆಲ್ಲ ಮನೆಯಲ್ಲಿ ಆಗುವಷ್ಟು ಮಾತ್ರ. ತರಗತಿಯಲ್ಲಿ ಒಂದು ಬೀರು ಇಟ್ಟು ನೋಟ್‌ಬುಕ್ ಅಲ್ಲೇ ಇಡುವುದು, ವೇಳಾಪಟ್ಟಿ ಬದಲಾಯಿಸಿ ದಿನಕ್ಕೆ ನಾಲ್ಕೇ ವಿಷಯ ಮಾಡುವುದು ಶಾಲೆಯವರ ಕೈಯಲ್ಲಿದೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಬಹುದು, ಸದಸ್ಯರು ನಮ್ಮೂರಿನ ಪಾಲಕರೇ. ಖಾಸಗಿ ಶಾಲೆಯಾದರೆ ಪಾಲಕರ ಸಭೆಯಲ್ಲಿ ಸುತ್ತೋಲೆಯ ಪ್ರತಿ ಹಿಡಿದುಕೊಂಡು ನಾಲ್ಕು ಜನ ಒಟ್ಟಿಗೆ ಕೇಳಬೇಕು. ಒಬ್ಬರೇ ಕೇಳಿದರೆ ‘ನಿಮ್ಮ ಮಗುವಿಗೆ ಮಾತ್ರ ಭಾರವೇ?’ ಅನ್ನುತ್ತಾರೆ. ಅಲ್ಲಿ ಉತ್ತರ ಸಿಗದಿದ್ದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ, ಅಂದರೆ ಬಿಇಒ ಆಫೀಸಿಗೆ, ಬರೆದು ಕೊಟ್ಟು ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಅರ್ಜಿಯಲ್ಲಿ ಮಗುವಿನ ತರಗತಿ, ಮೈತೂಕ, ಬ್ಯಾಗಿನ ತೂಕ, ತೂಗಿದ ದಿನಾಂಕ ಈ ನಾಲ್ಕು ಇರಲಿ. ‘ಬಹಳ ಭಾರ ಇದೆ’ ಅಂತ ಮಾತ್ರ ಬರೆದ ಅರ್ಜಿ ಫೈಲಿನಲ್ಲೇ ಮಲಗುತ್ತದೆ.